"ಗೊತ್ತಿಲ್ಲಮ್ಮ" ಎನ್ನುವ ಮಗಳು, ಮುಂದಿನ ಓದಿನ ಆಯ್ಕೆ

ಪ್ರಶ್ನೆ: ನನ್ನ ಮಗಳಿಗೆ ಈಗ 15 ವರ್ಷ. ಇನ್ನು ಕೆಲವೇ ತಿಂಗಳಲ್ಲಿ ಕಡ್ಡಾಯ ಶಿಕ್ಷಣ ಮುಗಿಯುತ್ತದೆ. ಮುಂದೆ ಏನು ಓದುತ್ತೀಯಾ ಅಂತ ಕೇಳಿದರೆ ಒಂದೇ ಉತ್ತರ, "ಗೊತ್ತಿಲ್ಲಮ್ಮ". ಮಾರ್ಕ್ಸ್ ಚೆನ್ನಾಗಿಯೇ ಬರುತ್ತದೆ. ಯಾವುದರಲ್ಲೂ ತೀರಾ ಹಿಂದಿಲ್ಲ, ಹಾಗಂತ ಯಾವುದರ ಮೇಲೂ ವಿಶೇಷ ಆಸೆಯೂ ಇಲ್ಲ. ದುಡ್ಡು ಕೊಟ್ಟು ಒಂದು ಆ್ಯಪ್ಟಿಟ್ಯೂಡ್ ಟೆಸ್ಟ್ ಮಾಡಿಸಿದೆವು. 22 ಪುಟದ ರಿಪೋರ್ಟ್ ಬಂತು, ಓದಿದ ಮೇಲೆ ಗೊಂದಲ ಇನ್ನೂ ಜಾಸ್ತಿಯಾಯಿತು. ನಮ್ಮ ಮನೆಯವರು "ವಿಜ್ಞಾನ, ಗಣಿತ ತಗೊಂಡುಬಿಡಲಿ, ಆಗ ಯಾವ ಬಾಗಿಲೂ ಮುಚ್ಚಲ್ಲ" ಅನ್ನುತ್ತಾರೆ. ಮೊನ್ನೆ ಅವಳು "ನನ್ನ ಫ್ರೆಂಡ್ ಎಲ್ಲಿ ಸೇರ್ತಾಳೋ ನಾನೂ ಅಲ್ಲೇ" ಅಂದಳು. ನಾವು ಎಷ್ಟು ಹೇಳಬೇಕು, ಎಷ್ಟು ಬಿಡಬೇಕು?

ಉತ್ತರ: ಮೊದಲು ಆ "ಗೊತ್ತಿಲ್ಲಮ್ಮ" ವಿಷಯಕ್ಕೆ ಬರುತ್ತೇನೆ. ನಿಮಗೆ ಅದು ಸೋಮಾರಿತನ ಅನ್ನಿಸಿರಬಹುದು, ಇಲ್ಲವೇ ಉಡಾಫೆ. ಇಪ್ಪತ್ತು ವರ್ಷದಿಂದ ಈ ವಯಸ್ಸಿನ ಮಕ್ಕಳ ಎದುರು ಕೂತು ಮಾತಾಡುತ್ತಿರುವ ನನಗೆ ಅದು ಪ್ರಾಮಾಣಿಕ ಉತ್ತರ ಅನ್ನಿಸುತ್ತದೆ. ಅವಳಿಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ ಹೇಳಿ? ಅವಳು ಹತ್ತಿರದಿಂದ ನೋಡಿರುವ ಕೆಲಸಗಳನ್ನು ಸುಮ್ನೆ ಲೆಕ್ಕ ಹಾಕಿ. ಟೀಚರ್ ಕೆಲಸ ನೋಡಿದ್ದಾಳೆ, ಅದೂ ಬೆಂಚಿನ ಕಡೆಯಿಂದ. ಡಾಕ್ಟರನ್ನು ನೋಡಿದ್ದಾಳೆ, ಜ್ವರ ಬಂದಾಗ ಐದು ನಿಮಿಷ. ಅಪ್ಪ ಅಮ್ಮ ಬೆಳಿಗ್ಗೆ ಹೋಗುವುದನ್ನೂ ಸಂಜೆ ಸುಸ್ತಾಗಿ ಬರುವುದನ್ನೂ ನೋಡಿದ್ದಾಳೆ, ನಡುವೆ ಏನು ಮಾಡುತ್ತಾರೆ ಅನ್ನುವುದನ್ನು ನೋಡಿಲ್ಲ. ಉಳಿದದ್ದೆಲ್ಲ ಸ್ಕ್ರೀನ್ ಮೇಲೆ ಕಂಡದ್ದು.

ನಿಜ ಹೇಳಬೇಕೆಂದರೆ, ಥಟ್ ಅಂತ ಉತ್ತರ ಕೊಡುವ ಮಕ್ಕಳ ಬಗ್ಗೆಯೇ ನನಗೆ ಜಾಸ್ತಿ ಅನುಮಾನ. ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಆರ್ಥಿಕ ಸಂಸ್ಥೆ ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಸಮೀಕ್ಷೆಯಲ್ಲಿ, 30ನೇ ವಯಸ್ಸಿಗೆ ಯಾವ ಕೆಲಸದಲ್ಲಿ ಇರುತ್ತೀರಿ ಅಂತಲೂ ಕೇಳುತ್ತಾರೆ. 2018ರಲ್ಲಿ 41 ದೇಶಗಳ ಉತ್ತರ ಒಟ್ಟುಮಾಡಿ ನೋಡಿದಾಗ ಹುಡುಗರಲ್ಲಿ ಶೇ. 47, ಹುಡುಗಿಯರಲ್ಲಿ ಶೇ. 53 ಮಂದಿ ಬರೀ ಹತ್ತು ಕೆಲಸಗಳಲ್ಲಿ ಒಂದನ್ನು ಹೇಳಿದ್ದರು. ಡಾಕ್ಟರ್, ಟೀಚರ್, ಎಂಜಿನಿಯರ್, ಪೊಲೀಸ್, ಹೀಗೆ. ಪ್ರಪಂಚದಲ್ಲಿ ಸಾವಿರಾರು ಬಗೆಯ ಕೆಲಸಗಳಿವೆ, ಮಕ್ಕಳ ಬಾಯಲ್ಲಿ ಬರುವುದು ಹತ್ತು. ನಿಮ್ಮ ಮಗಳು ಆ ಹತ್ತರಲ್ಲಿ ಒಂದನ್ನು ಹೇಳಿದ್ದರೆ ನಿಮಗೆ ನಿದ್ದೆ ಬರುತ್ತಿತ್ತು, ಅಷ್ಟೇ. ಅವಳಿಗೆ ಜಾಸ್ತಿಯೇನೂ ಗೊತ್ತಿದೆ ಅಂತ ಅರ್ಥ ಆಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಅವಳ "ಗೊತ್ತಿಲ್ಲ" ಓದಿಗೆ ಮಾತ್ರ ಅಲ್ಲದೆ ಎಲ್ಲಕ್ಕೂ ಬರುತ್ತಿದ್ದರೆ ಗಮನ ಕೊಡಿ. ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟಪಡುತ್ತಿದ್ದದ್ದು ಈಗ ಬೇಡವಾಗಿದ್ದರೆ, ಇದು ವಾರಗಟ್ಟಲೆ ನಡೆದಿದ್ದರೆ, ಅದು ಕೋರ್ಸ್ ಆಯ್ಕೆಯ ಸಮಸ್ಯೆ ಅಲ್ಲ. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕೋರ್ಸ್ ಕಾಯುತ್ತದೆ.

ಹಾಗಿಲ್ಲ ಅಂದುಕೊಂಡು ಮುಂದಿನದು. "ಮುಂದೆ ಏನಾಗುತ್ತೀಯಾ" ಅನ್ನುವ ಪ್ರಶ್ನೆಯನ್ನು ಇವತ್ತಿನಿಂದ ನಿಲ್ಲಿಸಿಬಿಡಿ. ಮನೆಗೆ ಬಂದವರು ಕೇಳಿದರೂ ನೀವೇ ಮಾತು ತಿರುಗಿಸಿ. ನಲವತ್ತು ವರ್ಷದ ದುಡಿಮೆಯನ್ನು ಒಂದು ಪದದಲ್ಲಿ ಹೇಳು ಅಂತ ಕೇಳಿದರೆ ಯಾರಿಗೂ ಬಾಯಿ ಕಟ್ಟುತ್ತದೆ. ಈಗ ಅವಳು ಆರಿಸಬೇಕಾದದ್ದು ವೃತ್ತಿಯನ್ನಲ್ಲ, ಮುಂದಿನ ಎರಡು ಮೂರು ವರ್ಷವನ್ನು. ಆ ವರ್ಷಗಳಲ್ಲಿ ಯಾವ ವಿಷಯ ಓದುತ್ತಾಳೆ, ಎಂಥ ಜಾಗದಲ್ಲಿ, ದಿನದಲ್ಲಿ ಎಷ್ಟು ಹೊತ್ತು ಪುಸ್ತಕದ ಮುಂದೆ, ಎಷ್ಟು ಹೊತ್ತು ಕೈಕೆಲಸದಲ್ಲಿ. ಪ್ರಶ್ನೆ ಇಷ್ಟು ಚಿಕ್ಕದಾದರೆ ಅವಳು ಮಾತಾಡುತ್ತಾಳೆ.

ಈಗ ಆ 22 ಪುಟದ ರಿಪೋರ್ಟ್. ಮೊದಲು ಮಗಳನ್ನೇ ಕೇಳಿ, ಟೆಸ್ಟ್‌ನಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇತ್ತಾ? ಟೈಮ್ ಇಟ್ಟಿದ್ದರಾ? ಹಾಗಿದ್ದರೆ ಅದು ಆ್ಯಪ್ಟಿಟ್ಯೂಡ್ ಟೆಸ್ಟ್, ಅಂದರೆ ಸಾಮರ್ಥ್ಯ ಅಳೆಯುವ ಪರೀಕ್ಷೆ. "ಇದು ನಿನಗೆ ಇಷ್ಟವಾ, ಇಲ್ಲವಾ" ಅಂತ ಕೇಳಿ ಟಿಕ್ ಹಾಕಿಸಿದ್ದರೆ ಅದು ಆಸಕ್ತಿಯ ಪ್ರಶ್ನಾವಳಿ. ಆ್ಯಪ್ಟಿಟ್ಯೂಡ್ ಅನ್ನುವ ಹೆಸರಿನಲ್ಲಿ ಮಾರುವುದು ಬಹಳ ಸಲ ಈ ಎರಡನೆಯದನ್ನೇ. ಅದು ಸಾಮರ್ಥ್ಯವನ್ನು ಅಳೆಯುವುದಿಲ್ಲ, ಅಳೆಯುತ್ತೇನೆ ಅಂತ ಹೇಳುವುದೂ ಇಲ್ಲ.

ರಿಪೋರ್ಟ್‌ನಲ್ಲಿ ಆರು ಮೂಲೆಯ ಒಂದು ಚಿತ್ರ, ಆರ್, ಐ, ಎ, ಎಸ್, ಇ, ಸಿ ಅನ್ನುವ ಅಕ್ಷರಗಳು ಇದ್ದರೆ ಅದರ ಹಿಂದಿರುವುದು ಜಾನ್ ಹಾಲೆಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲಿ ಮುಂದಿಟ್ಟ ವಿಚಾರ. ಕೆಲಸಗಳನ್ನೂ ಜನರನ್ನೂ ಅವರು ಆರು ಬಗೆಯಾಗಿ ವಿಂಗಡಿಸಿದರು. ಕೈಯಲ್ಲಿ, ಯಂತ್ರದಲ್ಲಿ ಕೆಲಸ ಮಾಡುವವರು, ಕೆದಕಿ ಹುಡುಕುವವರು, ಹೊಸದನ್ನು ರೂಪಿಸುವವರು, ಜನರಿಗೆ ಕಲಿಸುವ, ಆರೈಕೆ ಮಾಡುವವರು, ಜನರನ್ನು ಒಪ್ಪಿಸಿ ಮುನ್ನಡೆಸುವವರು, ಲೆಕ್ಕ, ದಾಖಲೆ ಅಚ್ಚುಕಟ್ಟಾಗಿ ಇಡುವವರು. ವಿಚಾರ ಒಳ್ಳೆಯದೇ, ನಾನೂ ಬಳಸುತ್ತೇನೆ. ತೊಂದರೆ ಇರುವುದು ಉತ್ತರ ಕೊಡುವವರ ವಯಸ್ಸಿನಲ್ಲಿ. "ಲೆಕ್ಕಪತ್ರ ನೋಡಿಕೊಳ್ಳುವುದು ಇಷ್ಟವೇ?" ಅನ್ನುವ ಪ್ರಶ್ನೆಗೆ, ಲೆಕ್ಕಪತ್ರವನ್ನೇ ನೋಡದ ಹುಡುಗಿ ಏನಂತ ಟಿಕ್ ಹಾಕುತ್ತಾಳೆ? ಆ ಪದ ಕೇಳಿದಾಗ ಮನಸ್ಸಿಗೆ ಏನು ಬರುತ್ತದೋ ಅದಕ್ಕೆ. ಈ ವಯಸ್ಸಿನಲ್ಲಿ ಆಸಕ್ತಿಗಳು ಅಷ್ಟು ಗಟ್ಟಿಯಾಗಿರುವುದೂ ಇಲ್ಲ. ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು 2005ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಆಸಕ್ತಿ ಗಟ್ಟಿಯಾಗಿ ನೆಲೆ ನಿಲ್ಲುವುದು 18 ದಾಟಿದ ಮೇಲೆ ಅನ್ನುವುದು ಕಂಡಿತು.

ಹಾಗಂತ ಬಿಸಾಡಬೇಡಿ. ರಿಪೋರ್ಟ್ ಕೊನೆಯಲ್ಲಿ ಕೊಟ್ಟಿರುವ ಕೆಲಸಗಳ ಪಟ್ಟಿಯನ್ನು ತೀರ್ಪು ಅಂತ ಓದದೆ, ಮಾತು ಶುರುಮಾಡಲು ಬಳಸಿ. "ಇದರಲ್ಲಿ ಯಾವುದು ನೋಡಿ ನಗು ಬಂತು?" ಅಂತ ಕೇಳಿ. ನನ್ನ ಅನುಭವದಲ್ಲಿ ಈ ಪ್ರಶ್ನೆಯಿಂದ ಹುಟ್ಟುವ ಮಾತು ಆ 22 ಪುಟಕ್ಕಿಂತ ಜಾಸ್ತಿ ಹೇಳುತ್ತದೆ.

ಇನ್ನೊಂದು ವಿಷಯ. 1908ರಲ್ಲಿ ಬೋಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವವರು ಯುವಕರಿಗೆ ಕೆಲಸ ಆರಿಸಲು ನೆರವಾಗುವ ಒಂದು ಕಚೇರಿ ತೆರೆದರು. ಇವತ್ತಿನ ವೃತ್ತಿ ಮಾರ್ಗದರ್ಶನ ಅಲ್ಲಿಂದಲೇ ಶುರುವಾಯಿತು ಅನ್ನಬಹುದು. ಅವರು ಹೇಳಿದ್ದು ಮೂರು ಮಾತು: ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಆಮೇಲೆ ಎರಡನ್ನೂ ಹೊಂದಿಸಿ ಯೋಚಿಸು. ನೂರಕ್ಕೂ ಹೆಚ್ಚು ವರ್ಷ ಆಯಿತು. ನಾವು ಮೊದಲನೆಯದಕ್ಕೆ ಟೆಸ್ಟ್ ಮೇಲೆ ಟೆಸ್ಟ್ ಕಟ್ಟಿದೆವು. ಎರಡನೆಯದನ್ನು ಮಕ್ಕಳ ಪಾಲಿಗೆ ಬಿಟ್ಟೆವು. ನಿಮ್ಮ ಮನೆಯಲ್ಲೂ ಆಗಿರುವುದು ಅದೇ. ಅವಳ ಒಳಗೆ ಏನಿದೆ ಅಂತ ಎಲ್ಲರೂ ಹುಡುಕುತ್ತಿದ್ದೀರಿ. ಹೊರಗೆ ಏನಿದೆ ಅಂತ ಅವಳಿಗೆ ಯಾರೂ ತೋರಿಸಿಲ್ಲ.

ತೋರಿಸುವುದಕ್ಕೆ ಮೊದಲು ಒಂದು ಸಂಜೆ ಹೀಗೆ ಮಾಡಿ. ಕಾಗದ ಕತ್ತರಿಸಿ ನಲವತ್ತು ಚೀಟಿ ಮಾಡಿ. ಒಂದೊಂದರಲ್ಲಿ ಒಂದೊಂದು ಕೆಲಸದ ಹೆಸರು. ಎಲ್ಲ ತರಹದವೂ ಇರಲಿ: ಎಲೆಕ್ಟ್ರಿಷಿಯನ್, ನರ್ಸ್, ನಕ್ಷೆ ಮಾಡುವವರು, ಅನುವಾದಕರು, ಅಕೌಂಟೆಂಟ್, ಲೈಬ್ರರಿಯನ್, ಲ್ಯಾಬ್ ಟೆಕ್ನಿಷಿಯನ್, ವೆಲ್ಡರ್, ವಕೀಲರು, ಕಿವುಡು ಮಕ್ಕಳಿಗೆ ಮಾತು ಕಲಿಸುವವರು. ಮೂರು ಗುಂಪು ಮಾಡಲಿ: ಇರಲಿ, ಬೇಡ, ಗೊತ್ತಿಲ್ಲ. ಎಲ್ಲರೂ "ಇರಲಿ" ಗುಂಪಿಗೆ ಕೈ ಹಾಕುತ್ತಾರೆ. ನೀವು "ಬೇಡ" ಗುಂಪನ್ನು ಎತ್ತಿಕೊಳ್ಳಿ. ಒಂದೊಂದೇ ಚೀಟಿ ತೆಗೆದು ಯಾಕೆ ಬೇಡ ಅಂತ ಕೇಳಿ. ವಾದ ಮಾಡಬೇಡಿ, ಕೇಳಿಸಿಕೊಳ್ಳಿ.

ನನ್ನ ಕೋಣೆಯಲ್ಲಿ ಒಬ್ಬ ಹುಡುಗಿ ಕೊಟ್ಟ ಉತ್ತರಗಳು ಇವು. ಎಲೆಕ್ಟ್ರಿಷಿಯನ್? "ಅದು ಹುಡುಗರದ್ದು." ಲೈಬ್ರರಿಯನ್? "ಅಲ್ಲಿ ಯಾರೂ ಮಾತಾಡಲ್ಲ." ಅಕೌಂಟೆಂಟ್? "ಬೋರ್." ಯಾರಾದರೂ ಅಕೌಂಟೆಂಟ್ ಗೊತ್ತಾ? "ಇಲ್ಲ." ನರ್ಸ್? ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರ್ಕ್ಸ್ ಇರೋರು ಡಾಕ್ಟರೇ ಆಗ್ತಾರಲ್ವಾ?" ಅಂದಳು.

ಲಿಂಡಾ ಗಾಟ್‌ಫ್ರೆಡ್‌ಸನ್ ಅನ್ನುವ ಸಂಶೋಧಕಿ 1981ರಲ್ಲಿ ಇದನ್ನೇ ಹೇಳಿದ್ದರು. ಮಕ್ಕಳು ಕೆಲಸ ಆರಿಸುವುದಕ್ಕಿಂತ ಬಹಳ ಮೊದಲೇ ಕೆಲಸಗಳನ್ನು ಹೊಡೆದುಹಾಕಲು ಶುರುಮಾಡುತ್ತಾರೆ. ಆರೇಳು ವರ್ಷಕ್ಕೇ "ಇದು ಹುಡುಗರದ್ದು, ಇದು ಹುಡುಗಿಯರದ್ದು" ಅಂತ ಒಂದಷ್ಟು ಹೋಗುತ್ತವೆ. ಒಂಬತ್ತರಿಂದ ಹದಿಮೂರರ ಒಳಗೆ "ಇದು ನಮ್ಮಂಥವರಿಗೆ ಕಮ್ಮಿ, ಅದು ನಮ್ಮಂಥವರಿಗೆ ಜಾಸ್ತಿ" ಅಂತ ಇನ್ನಷ್ಟು. ತನಗೆ ಏನಿಷ್ಟ ಅಂತ ಯೋಚಿಸುವ ವಯಸ್ಸು ಬರುವ ಹೊತ್ತಿಗೆ ಉಳಿದಿರುವುದು ಒಂದು ಚಿಕ್ಕ ಪಟ್ಟಿ. ಯಾವಾಗ ಹೊಡೆದುಹಾಕಿದೆವು ಅನ್ನುವ ನೆನಪೂ ಅವರಿಗಿಲ್ಲ. ಹಾಗಾಗಿ ಆ ಸಂಜೆಯ ಗುರಿ ಇಷ್ಟೇ: ಸರಿಯಾದ ಕಾರಣವಿಲ್ಲದೆ ಹೊರಗೆ ಬಿದ್ದ ನಾಲ್ಕೈದು ಚೀಟಿಗಳನ್ನು "ಗೊತ್ತಿಲ್ಲ" ಗುಂಪಿಗೆ ವಾಪಸ್ ತರುವುದು. ಅಂದಹಾಗೆ, ನೀವೂ ನಿಮ್ಮ ಮನೆಯವರೂ ಬೇರೆಯಾಗಿ ಕೂತು ಅದೇ ಚೀಟಿಗಳನ್ನು ಮಗಳಿಗಾಗಿ ವಿಂಗಡಿಸಿ ನೋಡಿ. ನಿಮ್ಮ "ಬೇಡ" ಗುಂಪೂ ಅವಳದೂ ಒಂದೇ ತರಹ ಇದ್ದರೆ, ಅವಳು ಅದನ್ನು ಎಲ್ಲಿಂದ ಕಲಿತಳು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಆಮೇಲೆ ನೋಡುವ ಕೆಲಸ. ಕೆಲವು ದೇಶಗಳಲ್ಲಿ ಇದು ಶಾಲೆಯ ಭಾಗವೇ ಆಗಿದೆ. ಫಿನ್ಲೆಂಡ್‌ನಲ್ಲಿ ಕಡ್ಡಾಯ ಶಾಲೆಯ ಮೇಲಿನ ತರಗತಿಗಳ ಮಕ್ಕಳು ಕೆಲವು ದಿನ ನಿಜವಾದ ಕೆಲಸದ ಜಾಗಕ್ಕೆ ಹೋಗಿ ಇರುತ್ತಾರೆ. ಜರ್ಮನಿಯಲ್ಲೂ ಶಾಲಾ ಮಕ್ಕಳು ಎರಡು ಮೂರು ವಾರ ಹೀಗೆ ಹೋಗುವುದು ಸಾಮಾನ್ಯ. ಇಂಗ್ಲೆಂಡ್‌ನಲ್ಲಿ 2014ರಲ್ಲಿ ಒಳ್ಳೆಯ ಮಾರ್ಗದರ್ಶನಕ್ಕೆ ಎಂಟು ಅಳತೆಗೋಲು ಅಂತ ಮಾಡಿದರು. ದುಡಿಯುವವರ ಭೇಟಿ ಅದರಲ್ಲಿ ಒಂದು, ಕೆಲಸದ ಜಾಗದ ಅನುಭವ ಇನ್ನೊಂದು. ನಿಮ್ಮ ಶಾಲೆಯಲ್ಲಿ ಇಂಥದ್ದು ಇಲ್ಲದಿದ್ದರೆ ನೀವೇ ಮಾಡಿ. ಗುರುತಿನವರ ಗುರುತಿನವರನ್ನು ಹಿಡಿದರೆ ಮೂರು ಜಾಗ ಸಿಗುತ್ತವೆ. ಒಂದೊಂದರಲ್ಲಿ ಅರ್ಧ ದಿನ ಸಾಕು. ಒಂದು ಮಾತು, ನೀವು ಜೊತೆಗೆ ಹೋಗಿ ಕೂರಬೇಡಿ. ಬಿಟ್ಟು ಬನ್ನಿ.

ಹೋಗುವಾಗ ಅವಳ ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಪ್ರತಿ ಅರ್ಧ ಗಂಟೆಗೆ ಒಂದು ಸಾಲು. ಆ ಕ್ಷಣದಲ್ಲಿ ಅಲ್ಲಿನವರು ಏನು ಮಾಡುತ್ತಿದ್ದಾರೋ ಅಷ್ಟೇ ಬರೆಯಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಏನೂ ಬೇಡ.

ಪಶುವೈದ್ಯನಾಗುತ್ತೇನೆ ಅಂತ ಎಂಟನೇ ವಯಸ್ಸಿನಿಂದ ಹೇಳುತ್ತಿದ್ದ ಒಬ್ಬ ಹುಡುಗನನ್ನು ಹೀಗೆ ಒಂದು ಪ್ರಾಣಿಗಳ ಕ್ಲಿನಿಕ್‌ಗೆ ಕಳಿಸಿದ್ದೆ. ಅವನು ತಂದ ಪುಟ ಇನ್ನೂ ನೆನಪಿದೆ. 9:00, ಫೋನ್. 9:30, ನಾಯಿಯ ಕಿವಿ ನೋಡಿದರು, ನಾಯಿ ತಂದವರ ಜೊತೆ ಮಾತು. 10:00, ಇನ್ನೂ ಮಾತು. 10:30, ಬೆಕ್ಕಿಗೆ ಇಂಜೆಕ್ಷನ್, ಎರಡೇ ನಿಮಿಷ, ಮತ್ತೆ ಮಾತು. 11:00, ಕಂಪ್ಯೂಟರ್‌ನಲ್ಲಿ ಬರೆಯುತ್ತಿದ್ದಾರೆ. 11:30, ಒಬ್ಬ ಅಜ್ಜ ಅಳುತ್ತಿದ್ದಾರೆ, ಡಾಕ್ಟರ್ ಪಕ್ಕದಲ್ಲಿ ಸುಮ್ನೆ ಕೂತಿದ್ದಾರೆ. ಅವನು ನೋಟ್‌ಬುಕ್ ಮುಚ್ಚಿ, "ಪ್ರಾಣಿ ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ. ಅಲ್ಲಿ ಜಾಸ್ತಿ ಇರೋದು ಮನುಷ್ಯರೇ" ಅಂದ. ಪುಟದ ಅಂಚಿನಲ್ಲಿ, ಸಮಯ ಹಾಕದೆ, ಇನ್ನೊಂದು ಸಾಲಿತ್ತು: ಹಿಂದಿನ ರೂಮಲ್ಲಿ ಒಬ್ಬರು ಮೈಕ್ರೋಸ್ಕೋಪ್ ತೋರಿಸಿದರು. ಅದರ ಬಗ್ಗೆ ನಾನು ಅವನನ್ನು ಕೇಳಿದೆ. ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡಿದ. ರಕ್ತದ ಹನಿಯನ್ನು ಗಾಜಿನ ಮೇಲೆ ಹೇಗೆ ಎಳೆಯುತ್ತಾರೆ, ದಪ್ಪ ಆದರೆ ಯಾಕೆ ಕಾಣುವುದಿಲ್ಲ, ಎಲ್ಲ. ಅವನು ಮುಂದೆ ಲ್ಯಾಬ್ ಕಡೆಯ ಕೋರ್ಸ್ ಸೇರಿದ. ಅವನಿಗೆ ಬೇಕಾದದ್ದು ಆ ಕ್ಲಿನಿಕ್‌ನಲ್ಲೇ ಇತ್ತು, ಅವನು ಹೆಸರಿಟ್ಟಿದ್ದ ಕೆಲಸದ ಪಕ್ಕದ ಕೋಣೆಯಲ್ಲಿ.

ಅರ್ಧ ದಿನ ಸಿಗದಿದ್ದರೆ ಅರ್ಧ ಗಂಟೆಯ ಮಾತಾದರೂ ಆಗಲಿ. "ನಿಮ್ಮ ಕೆಲಸ ಹೇಗಿದೆ" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ?" ಅಂತ ಕೇಳಲಿ. "ಈ ಕೆಲಸ ಬಿಟ್ಟು ಹೋದವರು ಯಾಕೆ ಬಿಟ್ಟರು?" ಇನ್ನೊಂದು ಒಳ್ಳೆಯ ಪ್ರಶ್ನೆ. ಮಕ್ಕಳು ಕೇಳಿದರೆ ದೊಡ್ಡವರು ಇದಕ್ಕೆಲ್ಲ ನಿಜ ಹೇಳುತ್ತಾರೆ. ನಾವು ಕೇಳಿದರೆ ಹೇಳುವುದಿಲ್ಲ.

ನಿಮ್ಮ ಮನೆಯವರ ಮಾತಿಗೆ ಬರೋಣ. "ಬಾಗಿಲು ಮುಚ್ಚಬಾರದು" ಅನ್ನುವುದನ್ನು ತಳ್ಳಿಹಾಕುವ ಹಾಗಿಲ್ಲ. ಈ ವಯಸ್ಸಿನಲ್ಲಿ ಗೊತ್ತಿಲ್ಲ ಅನ್ನುವವಳಿಗೆ ಅದು ಒಳ್ಳೆಯ ತತ್ವವೇ. ಆದರೆ ಬಾಗಿಲು ತೆರೆದಿಡುವುದಕ್ಕೂ ಖರ್ಚಿದೆ. ಇಷ್ಟವಿಲ್ಲದ, ಭಾರವಾದ ವಿಷಯಗಳನ್ನು ಎರಡು ಮೂರು ವರ್ಷ ಎಳೆದುಕೊಂಡು ಹೋಗಿ ಕಡಿಮೆ ಅಂಕ ತಂದರೆ ಅದೂ ಬಾಗಿಲು ಮುಚ್ಚುತ್ತದೆ, ಅದೂ ಒಂದಲ್ಲ, ಸಾಲಾಗಿ. ಜೊತೆಗೆ "ನನ್ನ ಕೈಲಾಗಲ್ಲ" ಅನ್ನುವ ಮಾತು ಒಳಗೆ ಕೂತುಬಿಡುತ್ತದೆ. ಅದನ್ನು ತೆಗೆಯುವುದು ನನ್ನಂಥವರಿಗೆ ಬಹಳ ಕಷ್ಟದ ಕೆಲಸ.

ಆದ್ದರಿಂದ ಬಾಗಿಲು ಅಂತ ಒಟ್ಟಾರೆ ಮಾತಾಡದೆ, ಯಾವ ಬಾಗಿಲು ಅಂತ ಹೆಸರು ಹಿಡಿದು ನೋಡಿ. ಹಿಂದಿನಿಂದ ಓದುವುದು ಇದಕ್ಕೆ ಒಳ್ಳೆಯ ದಾರಿ. ಚೀಟಿಗಳಲ್ಲಿ ಉಳಿದ ನಾಲ್ಕೈದು ಕೆಲಸ ತೆಗೆದುಕೊಳ್ಳಿ. ಅದಕ್ಕೆ ಬೇಕಾದ ಮೇಲಿನ ಕೋರ್ಸ್ ಯಾವುದು, ಅದಕ್ಕೆ ಸೇರಲು ಯಾವ ವಿಷಯ ಕಡ್ಡಾಯ, ಎಷ್ಟು ಅಂಕ ಬೇಕು ಅಂತ ಪ್ರವೇಶದ ನಿಯಮದಲ್ಲೇ ನೋಡಿ. ಯಾರೋ ಹೇಳಿದರು ಅಂತ ನಂಬಬೇಡಿ, ನಿಯಮಗಳು ಬದಲಾಗುತ್ತಿರುತ್ತವೆ. ಹೀಗೆ ನೋಡಿದಾಗ ಬಹಳ ಸಲ ಕಾಣುವುದು ಏನೆಂದರೆ, ನಿಜವಾಗಿ ಬಾಗಿಲು ಕಾಯುವ ವಿಷಯ ಒಂದೋ ಎರಡೋ. ಹೆಚ್ಚಾಗಿ ಗಣಿತ. ಹಾಗಿದ್ದರೆ ಗಣಿತ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಅವಳಿಗೆ ಬಿಡಬಹುದಾ ಅಂತ ನೋಡಿ. ಗಣಿತ ಅವಳಿಗೆ ಕಷ್ಟವಾ, ಬರೀ ಬೇಜಾರಾ ಅನ್ನುವುದನ್ನೂ ಬೇರೆ ಮಾಡಿ ನೋಡಿ. ಎರಡೂ ಒಂದೇ ಅಲ್ಲ. ಬೇಜಾರಿಗೆ ಎಷ್ಟೋ ಸಲ ಟೀಚರ್ ಕಾರಣ.

ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯುವುದು ಎಷ್ಟು ಸುಲಭ ಅನ್ನುವುದು ವ್ಯವಸ್ಥೆಯ ಮೇಲೆ ನಿಂತಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಕಡ್ಡಾಯ ಶಾಲೆ ಮುಗಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ವೃತ್ತಿ ತರಬೇತಿಗೆ ಹೋಗುತ್ತಾರೆ. ವಾರದಲ್ಲಿ ಕೆಲವು ದಿನ ಕೆಲಸದ ಜಾಗದಲ್ಲಿ, ಒಂದೆರಡು ದಿನ ಶಾಲೆಯಲ್ಲಿ. ಬೇಕಾದವರು ಜೊತೆಗೇ ಇನ್ನೊಂದು ಪರೀಕ್ಷೆ ಪಾಸು ಮಾಡಿ ಅನ್ವಯಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ಕೆಲಸಕ್ಕೆ ಹತ್ತಿರದ ಓದು ಕಲಿಸುವ ವಿಶ್ವವಿದ್ಯಾಲಯಕ್ಕೆ, ಹೋಗಬಹುದು. 1990ರ ದಶಕದಲ್ಲಿ ಆ ದಾರಿ ತೆರೆದರು. ಫಿನ್ಲೆಂಡ್‌ನಲ್ಲಿ ಸಾಮಾನ್ಯ ಓದು ಮುಗಿಸಿದವರಿಗೂ ವೃತ್ತಿ ಓದು ಮುಗಿಸಿದವರಿಗೂ ಮುಂದಿನ ಉನ್ನತ ಶಿಕ್ಷಣಕ್ಕೆ ಅರ್ಜಿ ಹಾಕುವ ಹಕ್ಕಿದೆ. ಅಲ್ಲಿ 2021ರಲ್ಲಿ ಕಡ್ಡಾಯ ಶಿಕ್ಷಣವನ್ನೇ 18 ವರ್ಷದವರೆಗೆ ಹಿಗ್ಗಿಸಿದರು. ಎಲ್ಲ ಕಡೆ ಹೀಗಿಲ್ಲ. ಹಾಗಾಗಿ ಅವಳು ನೋಡುತ್ತಿರುವ ಪ್ರತಿ ಕೋರ್ಸಿನ ಬಗ್ಗೆಯೂ ಎರಡು ಪ್ರಶ್ನೆ ಕೇಳಿ. ಸೇರಿದ ಮೇಲೆ ಎಷ್ಟು ವಾರದ ಒಳಗೆ ವಿಷಯ ಬದಲಾಯಿಸಬಹುದು? ಇದು ಮುಗಿಸಿದವರು ಮೇಲಕ್ಕೆ ಓದಲು ಹೋಗಿದ್ದಾರಾ, ಎಲ್ಲಿಗೆ? ಎರಡನೆಯದಕ್ಕೆ ನೇರ ಉತ್ತರ ಬರದಿದ್ದರೆ ಆ ಸಂಸ್ಥೆಯ ಬಗ್ಗೆ ನಾನಾಗಿದ್ದರೆ ಎರಡು ಸಲ ಯೋಚಿಸುತ್ತೇನೆ.

ವೃತ್ತಿ ತರಬೇತಿ ಅಂದ ತಕ್ಷಣ ಓದಲಾಗದವರಿಗೆ ಅನ್ನುವ ಭಾವನೆ ನಿಮ್ಮಲ್ಲಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಮೇಲಿನ ಚೀಟಿ ಆಟದಲ್ಲಿ ಹೊರಗೆ ಬಂದಿರುತ್ತದೆ.

"ಮುಂದೆ ಯಾವ ಕೆಲಸ ಉಳಿಯುತ್ತದೆ, ಯಾವುದನ್ನು ಕಂಪ್ಯೂಟರ್ ತಿಂದುಹಾಕುತ್ತದೆ" ಅಂತ ನೀವು ಕೇಳಿಲ್ಲ, ಆದರೆ ಈಗ ಎಲ್ಲರೂ ಕೇಳುತ್ತಾರೆ. ಅದನ್ನು ಊಹಿಸಿ 15ರ ಮಗುವಿನ ದಾರಿ ಕಟ್ಟಲು ಹೋಗಬೇಡಿ. ಓದಿ ಅರ್ಥ ಮಾಡಿಕೊಳ್ಳುವುದು, ಬರೆಯುವುದು, ಲೆಕ್ಕ, ಹೊಸದನ್ನು ಕಲಿಯುವ ಅಭ್ಯಾಸ, ಇವು ಯಾವ ದಾರಿಯಲ್ಲಿದ್ದರೂ ಬೇಕಾಗುತ್ತವೆ. ಅದಕ್ಕಿಂತ ಮುಂದಿನದನ್ನು ಖಚಿತವಾಗಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

ಫ್ರೆಂಡ್ ವಿಷಯ. "ಅವಳು ಸೇರಿದ ಕಡೆ ನಾನೂ" ಅಂದಾಗ ನಗಬೇಡಿ, ಬೈಯಬೇಡಿ. ಅವಳು ಹೇಳುತ್ತಿರುವುದು "ಹೊಸ ಜಾಗದಲ್ಲಿ ಒಬ್ಬಳೇ ಕೂರಲು ನನಗೆ ಹೆದರಿಕೆ" ಅಂತ. ಅದು ನಿಜವಾದ ಹೆದರಿಕೆ. ಒಂದು ಪ್ರಶ್ನೆ ನನಗೆ ಯಾವಾಗಲೂ ಕೆಲಸಕ್ಕೆ ಬಂದಿದೆ. "ನೀನು ಎಲ್ಲಿ ಸೇರಿದರೂ ನಿನ್ನ ಫ್ರೆಂಡ್ ಅಲ್ಲಿಗೇ ಬರ್ತಾಳೆ ಅಂತ ಇಟ್ಕೋ. ಆಗ ಯಾವುದು ಆರಿಸ್ತೀಯಾ?" ಗೊತ್ತಿಲ್ಲ ಅನ್ನುತ್ತಿದ್ದ ಮಕ್ಕಳಲ್ಲಿ ಎಷ್ಟೋ ಜನ ಇದಕ್ಕೆ ಒಂದು ಕ್ಷಣ ತಡೆದು ಉತ್ತರ ಕೊಟ್ಟಿದ್ದಾರೆ. ಆ ಉತ್ತರ ಸಿಕ್ಕರೆ, ಒಂಟಿತನದ ಹೆದರಿಕೆಗೆ ಬೇರೆ ದಾರಿ ಹುಡುಕಬಹುದು. ಹೊಸ ಜಾಗವನ್ನು ಮೊದಲೇ ಒಂದು ಸಲ ಹೋಗಿ ನೋಡಿ ಬರುವುದು, ಅಲ್ಲಿ ಓದುತ್ತಿರುವ ಒಬ್ಬರ ಪರಿಚಯ ಮಾಡಿಸುವುದು, ಹಳೆಯ ಗೆಳತಿಯ ಜೊತೆ ವಾರಕ್ಕೊಂದು ಸಂಜೆ ಗಟ್ಟಿ ಮಾಡುವುದು.

ಇನ್ನು ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅನ್ನುವುದು. ನಾನು ಹೀಗೆ ಹಂಚುತ್ತೇನೆ. ಮಾಹಿತಿ ಹುಡುಕುವುದರಲ್ಲಿ ಅರ್ಧ ಭಾರ ನಿಮ್ಮದು. ನಿಯಮ, ತಾರೀಕು, ಅರ್ಜಿ ಇವನ್ನೆಲ್ಲ 15ರ ಹುಡುಗಿಯ ತಲೆ ಮೇಲೆ ಪೂರ್ತಿ ಹಾಕಬೇಡಿ. ದುಡ್ಡಿನ ಮಿತಿ ನೀವೇ ಹೇಳಬೇಕು, ಅದೂ ಮೊದಲೇ. "ಇಷ್ಟು ನಮ್ಮ ಕೈಲಿ ಆಗುತ್ತೆ, ಇದರ ಮೇಲೆ ಆಗಲ್ಲ" ಅನ್ನುವುದನ್ನು ಮಕ್ಕಳು ನಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ತೆಗೆದುಕೊಳ್ಳುತ್ತಾರೆ. ಆರಿಸಿದ ಮೇಲೆ ಹೇಳಿದರೆ ಮಾತ್ರ ಮೋಸ ಅನ್ನಿಸುತ್ತದೆ. ಯಾವುದಾದರೂ ದಾರಿಯ ಬಗ್ಗೆ ನಿಮಗೆ ನಿಜವಾದ ಆತಂಕ ಇದ್ದರೆ ಒಂದು ಸಲ, ಕಾರಣ ಕೊಟ್ಟು ಹೇಳಿ. ಎರಡನೇ ಸಲ ಹೇಳಿದರೆ ಅದು ಒತ್ತಡ, ಮೂರನೇ ಸಲ ಜಗಳ. ಈ ಮಿತಿಗಳ ಒಳಗೆ ಆಯ್ಕೆ ಅವಳದು.

ಇಬ್ಬರೂ ಎದುರು ಕೂತು, ಟಿವಿ ಆಫ್ ಮಾಡಿ, "ಈಗ ನಿನ್ನ ಭವಿಷ್ಯದ ಬಗ್ಗೆ ಮಾತಾಡೋಣ" ಅಂದರೆ ಆ ಮಾತು ಅಲ್ಲೇ ಸತ್ತಿತು. ನಡೆಯುತ್ತಾ, ಗಾಡಿಯಲ್ಲಿ ಹೋಗುತ್ತಾ, ಬಟ್ಟೆ ಮಡಿಸುತ್ತಾ, ಕಣ್ಣು ಬೇರೆ ಕಡೆ ಇದ್ದಾಗ ಈ ವಯಸ್ಸಿನವರು ಚೆನ್ನಾಗಿ ಮಾತಾಡುತ್ತಾರೆ. ನಿಮ್ಮ ಮನೆಯವರು ತಾವು ಈ ಕೆಲಸಕ್ಕೆ ಹೇಗೆ ಬಂದೆ ಅನ್ನುವ ನಿಜವಾದ ಕಥೆ ಹೇಳಲಿ, ಅದರಲ್ಲಿನ ಆಕಸ್ಮಿಕಗಳ ಸಮೇತ. ಜಾನ್ ಕ್ರಂಬೋಲ್ಟ್ಸ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು ತಾವು ಮನಶ್ಶಾಸ್ತ್ರಕ್ಕೆ ಬಂದ ಕಥೆ ಹೇಳುತ್ತಿದ್ದರು. ಕಾಲೇಜಿನಲ್ಲಿ ವಿಷಯ ಆರಿಸುವ ಗಡುವು ಬಂದಾಗ ಅವರಿಗೆ ಏನೂ ತೋಚಲಿಲ್ಲ. ಹೋಗಿ ತಮ್ಮ ಟೆನಿಸ್ ಕೋಚನ್ನು ಕೇಳಿದರು. ಕೋಚ್ ಅಲ್ಲೇ ಮನಶ್ಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದರು! ಅದನ್ನೇ ತಗೋ ಅಂದರು. ಅದೇ ಕ್ರಂಬೋಲ್ಟ್ಸ್ 1999ರಲ್ಲಿ ಇನ್ನಿಬ್ಬರ ಜೊತೆ ಸೇರಿ, ಜೀವನದಲ್ಲಿ ಆಕಸ್ಮಿಕಗಳು ಬರುವುದು ಸಹಜ, ಅವನ್ನು ಹಿಡಿದುಕೊಳ್ಳುವ ಕುತೂಹಲ ಮತ್ತು ಧೈರ್ಯವನ್ನು ಮಕ್ಕಳಿಗೆ ಕಲಿಸಬೇಕು ಅಂತ ಬರೆದರು. ಕುತೂಹಲ ಎಲ್ಲೆಲ್ಲಿ ಕಾಣುತ್ತದೋ ಅಲ್ಲಿ ಅದಕ್ಕೆ ಜಾಗ ಕೊಡಿ. ಪರೀಕ್ಷೆಗೆ ಬರುವುದಿಲ್ಲ ಅನ್ನುವ ಕಾರಣಕ್ಕೆ ನಿಲ್ಲಿಸಬೇಡಿ.

ಅರ್ಜಿಯ ಬಗ್ಗೆ ಒಂದೇ ಒಂದು ವಿಷಯ, ಇದರಲ್ಲಿ ಬಹಳ ಮನೆಗಳು ಎಡವುತ್ತವೆ. ಎಲ್ಲರೂ ಮೊದಲ ಆಯ್ಕೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎರಡನೆಯದನ್ನೂ ಮೂರನೆಯದನ್ನೂ ಕೊನೆಯ ದಿನ ಹತ್ತು ನಿಮಿಷದಲ್ಲಿ ತುಂಬುತ್ತಾರೆ. ಆಮೇಲೆ ಸಿಗುವುದು ಎಷ್ಟೋ ಸಲ ಎರಡನೆಯದೇ. ಕೊನೆಯ ದಿನಕ್ಕೆ ಮೂರು ವಾರ ಇರುವಾಗ ಅವಳನ್ನು ಕೇಳಿ, "ಇದೊಂದೇ ಸಿಕ್ಕರೆ ಹೋಗ್ತೀಯಾ?" ಹೂಂ ಅನ್ನದ ಯಾವುದನ್ನೂ ಪಟ್ಟಿಯಲ್ಲಿ ಬರೆಯಬೇಡಿ.

ಕೊನೆಗೆ, ನೀವು ಕೇಳದ ಆದರೆ ಮನಸ್ಸಲ್ಲಿರುವ ಪ್ರಶ್ನೆ: ಸೇರಿದ ಮೇಲೆ "ತಪ್ಪಾಯ್ತು" ಅಂದರೆ? ಮೊದಲ ಐದಾರು ವಾರದಲ್ಲಿ ಬರುವ ಆ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ, ತಳ್ಳಿಯೂ ಹಾಕುವುದಿಲ್ಲ. ಬದಲಾಯಿಸುವ ಗಡುವು ಯಾವತ್ತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟುಕೊಂಡು ಅವಳನ್ನು ಕೂರಿಸಿ ಮಾತಾಡಿಸುತ್ತೇನೆ. ಬೇಜಾರು ವಿಷಯದ್ದಾ, ಒಬ್ಬ ಟೀಚರದ್ದಾ, ಮಧ್ಯಾಹ್ನ ಬಿಡುವಿನಲ್ಲಿ ಜೊತೆಗೆ ಕೂರಲು ಯಾರೂ ಇಲ್ಲದ್ದಾ? ವಿಷಯದ್ದಾದರೆ ಗಡುವಿನ ಒಳಗೆ ಬದಲಾಯಿಸಿ, ವರ್ಷ ಹಾಳಾಯಿತು ಅಂತ ಗೋಳಾಡಬೇಡಿ. ಟೀಚರದ್ದಾದರೆ ಸೆಮಿಸ್ಟರ್ ಮುಗಿಯುವವರೆಗೆ ಕಾಯಿರಿ. ಜೊತೆ ಇಲ್ಲದ್ದಾದರೆ, ಆ ಹಳೆಯ ಗೆಳತಿಯನ್ನು ಈ ವಾರ ಮನೆಗೆ ಕರೆಯಿರಿ.